ಮೂರನೆಯ ಚೀಟಿ

ಮಾರ್ತಾ, ಮೂರನೆಯ ಚೀಟಿ ನನ್ನ ಹತ್ತಿರವೇ ಇತ್ತು.

ನೀವು ಕೇಳಿದಾಗ ಇಲ್ಲ ಎನ್ನಲಿಲ್ಲ — ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಯಾವ ಮೂರನೆಯ ಚೀಟಿ, ಎಂದು ತಿರುಗಿ ಕೇಳಿದೆ. ಆ ಒಂದು ಸಾಲಿಗೆ ನಿಮ್ಮ ಕೆಲಸ ಹೋಯಿತು, ಹೆಸರು ಹೋಯಿತು. ಇದನ್ನು ನಿಮಗೆ ಬಾರದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತಾಗಲೆಲ್ಲ ಅದು ಆಫೀಸಿನ ಪತ್ರವಾಗಿಬಿಡುತ್ತದೆ, ಆಫೀಸಿನ ಪತ್ರದಲ್ಲಿ ಸುಳ್ಳು ಬರೆಯುವುದರಲ್ಲಿ ನಾನು ಪಳಗಿದವನು. ಮೊದಲು ಕನ್ನಡದಲ್ಲಿ ನಿಜ ಹೇಳಿ ಅಭ್ಯಾಸ ಮಾಡಿಕೊಳ್ಳಬೇಕು.

ಓದುವವರಿಗೆ ನೀವು ಯಾರೆಂದು ಹೇಳಬೇಕು. ಮಾರ್ತಾ ಕ್ಯೂಬಾದವರು, ಹವಾನಾದ ಒಂದು ಸರ್ಕಾರಿ ಆಮದು ಕಂಪನಿಯಲ್ಲಿ ತಪಾಸಣಾಧಿಕಾರಿಯಾಗಿದ್ದರು. ನಾನು ಮೈಸೂರಿನವನು. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಹದಿನೇಳನೆಯ ಮಹಡಿಯಲ್ಲಿ, ಭಟ್ಕಳದ ಬಾರಿ ಸಾಹೇಬರ ವ್ಯಾಪಾರ ಸಂಸ್ಥೆಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ನಾವು ಕ್ಯೂಬಾಕ್ಕೆ ಮಾರಲು ಹೊರಟದ್ದು ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್. ನಗು ಬರುತ್ತದೆ, ಗೊತ್ತು. ನಮ್ಮ ಊರಲ್ಲಿ ಅದು ಬೀದಿ ಕೊನೆಯ ಪಾತ್ರೆ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿರುವ ವಸ್ತು. ಕ್ಯೂಬಾದಲ್ಲಿ ಹಾಗಲ್ಲ. ಅಲ್ಲಿ ಮನೆಮನೆಗೆ ಕುಕ್ಕರ್ ಕೊಟ್ಟಿದ್ದೂ ಸರ್ಕಾರ, ಗ್ಯಾಸ್ಕೆಟ್ ತರಿಸಬೇಕಾದದ್ದೂ ಸರ್ಕಾರ. ಯಾರಿಂದ, ಯಾವ ರಬ್ಬರಿನದು, ಎಷ್ಟು — ಎಲ್ಲವೂ ವರ್ಷಕ್ಕೊಮ್ಮೆ ಯೋಜನೆಯಲ್ಲಿ ಬರೆಯಲ್ಪಟ್ಟು ಮುಚ್ಚಿಹೋಗುತ್ತದೆ. ಆಮೇಲೆ ಮಂತ್ರಿ ಮನಸ್ಸು ಮಾಡಿದರೂ ಒಂದು ಅಕ್ಷರ ತಿದ್ದುವುದು ಕಷ್ಟ.

"ನನ್ನ ಅಮ್ಮ ಸೈಕಲ್ ಟ್ಯೂಬ್ ಕತ್ತರಿಸಿ ಗ್ಯಾಸ್ಕೆಟ್ ಮಾಡಿಕೊಂಡಿದ್ದಾಳೆ. ನಮ್ಮ ಮನೆಯ ಕಾಳಿಗೆಲ್ಲ ಟ್ಯೂಬಿನ ವಾಸನೆ," ಎಂದು ಮಾರ್ತಾ ಮೊದಲ ಭೇಟಿಯಲ್ಲೇ ಹೇಳಿದ್ದರು. ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಒಪ್ಪಂದವಾದಾಗ ಮಾದರಿ ಇಡುವ ಪದ್ಧತಿ ಅವರದು. ಒಂದೇ ರಬ್ಬರಿನ ಗ್ಯಾಸ್ಕೆಟ್‌ಗಳನ್ನು ಎರಡು ಬಟ್ಟೆ ಚೀಲಗಳಲ್ಲಿ, ಹನ್ನೆರಡು ಹನ್ನೆರಡರಂತೆ ಹಾಕಿ, ಬಾಯಿ ಹೊಲಿದು, ಹೊಲಿಗೆಯ ಮೇಲೆ ಅಧಿಕಾರಿ ಸಹಿ ಮಾಡಿದ ಬಟ್ಟೆಯ ಚೀಟಿ ಕೂಡಿಸಬೇಕು. ಒಂದು ಚೀಲ ಹವಾನಾಕ್ಕೆ, ಒಂದು ನಮ್ಮಲ್ಲಿ. ಮಾಲು ತಯಾರಾದ ಮೇಲೆ ಅವರು ಮತ್ತೆ ಬಂದು ನಮ್ಮ ಚೀಲ ಬಿಚ್ಚಿ, ಮಾಲಿನ ಜೊತೆ ಹೋಲಿಸಿ ಒಪ್ಪಿಗೆ ಕೊಡಬೇಕು. ಚೀಲ ಹೊಲಿಸಲು ಅವರನ್ನು ದುಬೈಯ ಹಳೆಯ ಬಡಾವಣೆ ಸತ್ವಾದ ಒಬ್ಬ ದರ್ಜಿಯ ಅಂಗಡಿಗೆ ಕರೆದುಕೊಂಡು ಹೋದೆ. ದರ್ಜಿ ಕೆಡಿಸಿಬಿಟ್ಟರೆ ಎಂದು ಮಾರ್ತಾ ಮೂರು ಚೀಟಿಗೆ ಸಹಿ ಮಾಡಿದರು. ಅವನು ಕೆಡಿಸಲಿಲ್ಲ. ಉಳಿದ ಒಂದನ್ನು ಬಿಸಾಡಲು ಹೋದ ನನ್ನ ಕೈ ಹಿಡಿದು, "ಅರೀಶ್, ಒಳ್ಳೆಯ ಬಟ್ಟೆ. ಇಟ್ಟುಕೋ, ಯಾವುದಕ್ಕಾದರೂ ಆಗುತ್ತದೆ," ಎಂದರು. ನನ್ನ ಹೆಸರು ಹರೀಶ. ಅವರ ನಾಲಿಗೆಗೆ 'ಹ' ಹತ್ತುತ್ತಿರಲಿಲ್ಲ.

ಆಯಿತು, ಮಾರ್ತಾ. ಯಾವುದಕ್ಕೋ ಆಯಿತು.

ಎರಡು ತಿಂಗಳಿಗೆ, ನಮಗೆ ಗ್ಯಾಸ್ಕೆಟ್ ಮಾಡಿಕೊಡುತ್ತಿದ್ದ ಅಬುಧಾಬಿಯ ರಬ್ಬರ್ ಕಾರ್ಖಾನೆಯಿಂದ ನನಗೊಂದು ಪತ್ರ ಬಂತು. ಅವರಿಗೆ ಕಚ್ಚಾ ರಬ್ಬರ್ ಕೊಡುತ್ತಿದ್ದ ಕಂಪನಿಗೆ ಅಮೆರಿಕದ ಒಡೆಯರು, ಮಾಲು ಅಮೆರಿಕ ನಿಷೇಧ ಹಾಕಿರುವ ಕ್ಯೂಬಾಕ್ಕೆ ಎಂದು ತಿಳಿದು ಕೈಯೆತ್ತಿಬಿಟ್ಟಿದ್ದಾರೆ, ಬೇರೆ ರಬ್ಬರಿನಲ್ಲಿ ಮಾಡಬೇಕಾಗುತ್ತದೆ ಎಂದು. ನಾನು ಮಾಡಬೇಕಾದದ್ದು ಇಷ್ಟೇ: ರಬ್ಬರ್ ಬದಲಾಗಿದೆ, ಹೊಸ ಮಾದರಿ ಕಳಿಸುತ್ತೇವೆ ಎಂದು ಯೋಜನೆ ಮುಚ್ಚುವುದರೊಳಗೆ ಹವಾನಾಕ್ಕೆ ಮೂರು ಪ್ರತಿ ಕಳಿಸುವುದು. ಮಾರ್ತಾ ಸತ್ವಾದಲ್ಲೇ, ಚಹಾ ಕುಡಿಯುತ್ತಾ ಎಚ್ಚರಿಸಿದ್ದರು — "ತಪ್ಪು ಕಾಗದವಾದರೂ ಸಮಯಕ್ಕೆ ಬಂದರೆ ನಾನು ಹೋರಾಡಬಲ್ಲೆ. ತಡವಾದರೆ ನನ್ನಿಂದ ಆಗದು."

ಪತ್ರವನ್ನು ಡ್ರಾಯರಿಗೆ ಹಾಕಿದೆ. ಸೋಮಾರಿತನವಲ್ಲ, ಗರ್ವ. ದುಬೈಯಲ್ಲಿ ಬಂದರಿನ ಗುಮಾಸ್ತನಿಂದ ಬ್ಯಾಂಕಿನವರೆಗೆ ಒಂದು ಫೋನ್, ಬೇಗ ಆಗಲಿ ಎನ್ನುವ ಒಂದು "ಯಲ್ಲಾ ಭಾಯ್" ಸಾಕು ಎಂದು ಬದುಕಿದವನು ನಾನು. ಕೊನೆಯ ದಿನಾಂಕ ಎಂದರೆ ನಮಗೆ ಮಾತು ಶುರುವಾಗುವ ದಿನ. ಯೋಜನೆಯಂತೆ! ಮೂರು ಪ್ರತಿಯಂತೆ! ಮಾರ್ತಾಗೊಂದು ಫೋನ್ ಮಾಡಿದರಾಯಿತು ಎಂದುಕೊಂಡೆ. ಫೋನ್ ಮಾಡುವ ಹೊತ್ತಿಗೆ ಯೋಜನೆ ಮುಚ್ಚಿ ಹನ್ನೊಂದು ದಿನವಾಗಿತ್ತು. ಆ ಕಡೆಯಿಂದ "ಹೇಳು ಅರೀಶ್" ಎಂದರು. ಕ್ಷೇಮ ವಿಚಾರಿಸಿ ಇಟ್ಟುಬಿಟ್ಟೆ.

ಬಾರಿ ಸಾಹೇಬರ ಮುಂದೆ ಹೋಗಿ ನಿಂತೆ. ಕಾರ್ಖಾನೆಯ ಸುದ್ದಿ ಅವರಿಗೆ ಆಗಲೇ ತಲುಪಿತ್ತು.

"ಹರೀಶ್, ಹವಾನಾದವರಿಗೆ ಹೇಳಿ ಆಯ್ತಾ? ಅವರು ಬೇಡ ಅಂದ್ರೆ ಖಲಾಸ್, ಬಿಟ್ಟುಬಿಡುವ. ಒಂದು ವರ್ಷದ ವ್ಯಾಪಾರ ಹೋದ್ರೆ ಹೋಗ್ಲಿ ಮಾರಾಯ. ನಮ್ಮ ಅಜ್ಜನ ಕಾಲದಿಂದ ಬಂದ ಹೆಸರು ಉಂಟಲ್ಲ, ಅದು ಹೋಗ್ಬಾರ್ದು."

ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟಿದ್ದರು ಅವರು. ಮರೆತೆ, ತಪ್ಪಾಯಿತು ಎಂದಿದ್ದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದರು, ಅಷ್ಟೇ. ನಾನು ಹೇಳಿದ್ದು — "ಒಪ್ಪಿಗೆ ಬಂದಿದೆ ಸಾಹೇಬ್ರೇ, ಹೊಸ ಮಾದರಿಗೆ ಮಾರ್ತಾ ಅವರ ಸಹಿಯೂ ಬಂದಿದೆ." ಯಾಕೆ ಹಾಗೆಂದೆ? ಆ ಆಫೀಸಿನಲ್ಲಿ ಕಾಗದದ ವಿಷಯದಲ್ಲಿ ಹರೀಶನ ಮಾತೇ ಕೊನೆ ಎನ್ನುತ್ತಿದ್ದರು. ಆ ಮಾತು ನನಗೆ ಬೇಕಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸುಸ್ತಾಗಿದ್ದೇನೆ, ಇಲ್ಲ.

ಆಮೇಲಿನದು ಸುಲಭವಾಗಿತ್ತು. ಹೊಸ ರಬ್ಬರಿನ ಹನ್ನೆರಡು ಗ್ಯಾಸ್ಕೆಟ್ ತೆಗೆದುಕೊಂಡು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸತ್ವಾಕ್ಕೆ ಹೋದೆ. ಅದೇ ದರ್ಜಿ, ಅದೇ ಬಟ್ಟೆ, ಅದೇ ದಾರ. ಮೂರನೆಯ ಚೀಟಿ. ಮೇಡಂ ಬಂದಿಲ್ಲವೇ ಎಂದಷ್ಟೇ ದರ್ಜಿ ಕೇಳಿದ. ಹಳೆಯ ಚೀಲವನ್ನು ಹೊಲಿಗೆ ಬಿಚ್ಚದೆ ಮನೆಗೆ ತಂದು ಅಡುಗೆಮನೆಯ ಅಟ್ಟದ ಮೇಲಿಟ್ಟೆ.

ಮಾರ್ತಾ ಬಂದರು. ಬಂದರಿನ ಪಕ್ಕದ ಅಲ್ ಮೀನಾದ ಗೋದಾಮಿನಲ್ಲಿ, ಬೆವರುತ್ತಾ, ಚೀಲದ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು. ತಮ್ಮ ಸಹಿ ನೋಡಿ ತಲೆಯಾಡಿಸಿದರು. ಕತ್ತರಿಸಿ, ಪುಟ್ಟ ಯಂತ್ರವಿಟ್ಟು ರಬ್ಬರಿನ ಗಡಸುತನ ಅಳೆದರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ ಹೋಲಿಸಿದರು. ಎಲ್ಲಾ ಹೊಂದಿತು. ಹೊಂದದೆ ಏನಾದೀತು? ಹೋಗುವಾಗ ಮೀನಿನ ಮಾರುಕಟ್ಟೆಯ ಹತ್ತಿರ ಕಾರು ನಿಲ್ಲಿಸಲು ಹೇಳಿದರು. ಕೊಳ್ಳಲಿಲ್ಲ, ಅಷ್ಟು ಮೀನನ್ನು ಒಟ್ಟಿಗೆ ನೋಡಬೇಕಿತ್ತಂತೆ. "ಅಮ್ಮನಿಗೆ ಈ ಸಲ ಹೊಸ ಗ್ಯಾಸ್ಕೆಟ್," ಎಂದರು. ಆಗಲೂ ಹೇಳಬಹುದಿತ್ತು.

ಹೊಸ ರಬ್ಬರ್ ಹದಿನೈದು ದಿನಕ್ಕೆ ಮೆತ್ತಗಾಗಿ ಮುಚ್ಚಳಕ್ಕೆ ಅಂಟಿಕೊಂಡಿತಂತೆ. ಬದಿಯಿಂದ ಹಬೆ ನುಗ್ಗಿ ಕೈ ಸುಟ್ಟುಕೊಂಡವರಿದ್ದರಂತೆ. ಎಷ್ಟು ಜನ — ಕೇಳುವ ಧೈರ್ಯ ನನಗೆ ಬರಲಿಲ್ಲ. ಹವಾನಾದ ಕಂಪನಿಯವರು ತಮ್ಮಲ್ಲಿದ್ದ ಚೀಲ ಬಿಚ್ಚಿದರು. ಅದರಲ್ಲಿದ್ದದ್ದು ಒಳ್ಳೆಯ ರಬ್ಬರ್, ಮಾಲು ಅದಕ್ಕೆ ಹೊಂದಲಿಲ್ಲ. ಅವರಿಂದ ಪ್ರಶ್ನೆ ಬಂದಾಗ ಬಾರಿ ಸಾಹೇಬರು ಎಲ್ಲರೆದುರಿಗೆ ನಮ್ಮ ಚೀಲ ತರಿಸಿದರು. ಹೊಂದಿತು. ಎರಡು ಚೀಲಗಳಲ್ಲಿ ಒಂದು ಬದಲಾಗಿದೆ ಎಂದಾಯಿತು. ಹವಾನಾದ ಚೀಲ ಇದ್ದದ್ದು ಮಾರ್ತಾ ಅವರ ಕಪಾಟಿನಲ್ಲಿ. ನಮ್ಮ ಚೀಲದ ಮೇಲೆ ಅವರದೇ ಸಹಿ, ಮಾಲಿಗೆ ಅವರದೇ ಒಪ್ಪಿಗೆ: ಅನುಮಾನ ಅವರ ಮೇಲೆ ಬಿತ್ತು.

"ಛೆ, ಆ ಹೆಂಗಸು ಹೊಸ ರಬ್ಬರಿಗೆ ಒಪ್ಪಿ ಈಗ ಹೀಗೆ ಮಾಡ್ತಾಳೆ ಅಂತ ನಾನು ಗ್ರಹಿಸಿರ್ಲಿಲ್ಲ," ಎಂದರು ಸಾಹೇಬರು, ನಿಜವಾಗಿ ನೊಂದು. "ಬರಿ ಹರೀಶ್. ಮರ್ಯಾದೆಯಲ್ಲಿ ಬರಿ." ಮರ್ಯಾದೆಯಲ್ಲೇ ಬರೆದೆ: ನಮ್ಮಲ್ಲಿರುವ ಚೀಲದ ಮೇಲೆ ತಮ್ಮ ಅಧಿಕಾರಿಯ ಸಹಿ ಇದೆ, ಬದಲಾವಣೆ ಎಲ್ಲಿ ನಡೆಯಿತೆಂದು ತಮ್ಮ ಕಡೆಯಲ್ಲಿ ಪರಿಶೀಲಿಸಬೇಕೆಂದು ವಿನಂತಿ.

ಮೂರು ದಿನದ ನಂತರ ನಿಮ್ಮ ಸ್ವಂತ ಇಮೇಲ್ ಬಂತು, ಮಾರ್ತಾ. ಎರಡೇ ಸಾಲು. "ಅರೀಶ್, ಸತ್ವಾದಲ್ಲಿ ನಾನು ಮೂರು ಚೀಟಿಗೆ ಸಹಿ ಮಾಡಿದ್ದೆ. ಮೂರನೆಯದು ನಿನ್ನ ಹತ್ತಿರ ಇದೆಯೇ?" ಅದರಲ್ಲಿ ಆರೋಪ ಇರಲಿಲ್ಲ. ನಾನೇ ಬಾಯಿ ಬಿಡಲಿ ಎಂದು ನೀವು ಕಾಯುತ್ತಿದ್ದಿರಿ. ನಾನು ಉತ್ತರಿಸಿದೆ. ಆ ಉತ್ತರವನ್ನು ಮೊದಲೇ ಹೇಳಿದ್ದೇನೆ.

ಹವಾನಾದಲ್ಲಿ ಅಮೆರಿಕದ ರಾಯಭಾರ ಕಚೇರಿ ಮತ್ತೆ ತೆರೆದ ವರ್ಷ ನಿಮ್ಮ ಜಾಗಕ್ಕೆ ಬಂದವರು ದುಬೈಗೆ ಬಂದಿದ್ದರು. ವಿಚಾರಿಸಿದೆ. ಮಾರ್ತಾ ಈಗ ಊರಾಚೆಯ ಗೋದಾಮಿನಲ್ಲಿ ಆಲೂಗಡ್ಡೆ ಚೀಲ ಎಣಿಸುತ್ತಾರೆ, ಹೊರದೇಶಕ್ಕೆ ಹೋಗುವಂತಿಲ್ಲ ಎಂದರು. "ನಿಮಗೆ ಪರಿಚಯವೇ?" ಎಂದು ಕೇಳಿದರು. ಅಷ್ಟಾಗಿ ಇಲ್ಲ ಎಂದೆ.

ಇನ್ನೊಂದನ್ನು ಹೇಳದೆ ಮುಗಿಸುವಂತಿಲ್ಲ. ಅಟ್ಟದ ಚೀಲವನ್ನು ನನ್ನ ಹೆಂಡತಿ ವೀಣಾ ಕಂಡಿದ್ದಳು. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಹರಿದಿತ್ತು. ಹೊಲಿಗೆ ಬಿಚ್ಚಿ ಒಂದನ್ನು ತೆಗೆದು ಹಾಕಿದಳು. "ಎಂಥಾ ಗಟ್ಟಿ ಮಾಲು ರೀ ಇದು! ಇನ್ನೂ ಇವೆಯಲ್ಲ, ಬಿಡಿ, ಆಯಸ್ಸಿಗೆ ಸಾಕು," ಎಂದಳು. ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಅಲ್ಲಿಂದ ಇಲ್ಲಿಯವರೆಗೆ ನಾವು ಉಂಡದ್ದೆಲ್ಲ ನಿಮ್ಮ ಗ್ಯಾಸ್ಕೆಟ್‌ನಲ್ಲಿ ಬೆಂದ ಅನ್ನ. ಅದು ಹಿಗ್ಗಲೂ ಇಲ್ಲ, ಸೋರಲೂ ಇಲ್ಲ. ಪ್ರತಿ ಸೀಟಿಗೂ ನಾನು ಟಿವಿಯ ದನಿ ಏರಿಸುತ್ತಿದ್ದೆ. ಮಗಳು "ಅಪ್ಪಾ, ಟೂ ಲೌಡ್" ಎಂದು ರೇಗುತ್ತಿದ್ದಳು.

ಕಳೆದ ತಿಂಗಳು ಬಾರಿ ಸಾಹೇಬರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಮಗ ಹೇಳಿದ: "ನಮ್ಮ ಅಬ್ಬಾ ಕೊನೆಯವರೆಗೂ ಆ ಕ್ಯೂಬಾದವಳ ಸುದ್ದಿ ತೆಗೀತಿದ್ರು. ಒಳ್ಳೆ ಹೆಂಗಸು ಅಂತ ಗ್ರಹಿಸಿ ನಾನು ಮೋಸಹೋದೆ ಅಂತಿದ್ರು." ಅವರಿಗೆ ಹೇಳಲು ಈಗ ದಾರಿಯಿಲ್ಲ. ಆ ಮನುಷ್ಯನನ್ನು ನಾನು ಸುಳ್ಳಿನಲ್ಲಿಯೇ ಮಣ್ಣಿಗೆ ಕಳಿಸಿದೆ.

ಮನೆಗೆ ಬಂದು ವೀಣಾಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಕುಕ್ಕರಿನ ಮುಚ್ಚಳದಿಂದ ಗ್ಯಾಸ್ಕೆಟ್ ಬಿಡಿಸಿ, ಸೋಪು ಹಚ್ಚಿ ತೊಳೆದು, ಒರೆಸಿ ನನ್ನ ಮುಂದಿಟ್ಟಳು. "ಇದು ಅವರದ್ದು, ಕಳಿಸಿ," ಎಂದಳು.

ನಾಳೆ ನಿಮ್ಮ ಕಂಪನಿಗೆ ಇಂಗ್ಲಿಷ್ ಪತ್ರ ಹೋಗುತ್ತದೆ, ಮಾರ್ತಾ, ಮೂರು ಪ್ರತಿ. ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದ್ದೇನೆ. ಕ್ಷಮೆ ಕೇಳಿಲ್ಲ, ಕೇಳುವ ಮುಖವಿಲ್ಲ. ಜೊತೆಗೆ ಹಳೆಯ ಚೀಲವನ್ನೂ ಇಟ್ಟಿದ್ದೇನೆ, ನಿಮ್ಮೆದುರಿಗೇ ಹೊಲಿದ ಚೀಟಿಯ ಸಮೇತ. ತೆರೆದು ಎಣಿಸಲಿ. ಹನ್ನೆರಡೂ ಇವೆ. ಒಂದು ಮಾತ್ರ ಸವೆದಿದೆ, ನಮ್ಮ ಮನೆಯಲ್ಲಿ.