ಕಣದಲ್ಲಿ ಒಣಗಿದ ಗಾಜು

ಆಕಾಶದಿಂದ ನಮ್ಮ ಕಣದ ಅಂಚಿಗೆ ಒಂದು ಪೆಟ್ಟಿಗೆ ಬಿದ್ದಿತ್ತು ಎಂದರೆ ಜನ ಮೊದಲು ಕೇಳುವುದು ಯಾರಿಗಾದರೂ ಪೆಟ್ಟಾಯಿತೇ ಎಂದು. ಯಾರಿಗೂ ಆಗಲಿಲ್ಲ. ಎರಡನೆಯ ಪ್ರಶ್ನೆ, ಸರ್ಕಾರದವರು ಬಹುಮಾನ ಕೊಟ್ಟರೇ ಎಂದು. ಆ ಪ್ರಶ್ನೆ ಕೇಳಿದವರಿಗೆ ನಾನು ಮುಂದಿನದನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ಚಹಾ ಕೊಟ್ಟು ಕಳಿಸುತ್ತೇನೆ.

ಎಂಬತ್ತರ ದಶಕದ ಮಾತಿದು. ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಮೆಣಸಿನಕಾಯಿ ಒಣಗಿಸುವ ಕಣ ಇತ್ತು. ಪೇಟೆಯ ವ್ಯಾಪಾರಿಗಳು ಹಸಿ ಆರದ ಮಾಲನ್ನು ತಂದು ಸುರುವಿ ಹೋಗುತ್ತಿದ್ದರು. ನಾವು ಅದನ್ನು ಹರವಿ, ಒಣಗಿಸಿ, ಆರಿಸಿ, ಚೀಲ ತುಂಬಿ ಕೊಡುತ್ತಿದ್ದೆವು. ನಮ್ಮ ಅಬ್ಬಾ, ಅಂದರೆ ಅಪ್ಪ, ತೀರಿಕೊಂಡ ಮೇಲೆ ಕಣ ಅಮ್ಮನ ಕೈಗೆ ಬಂತು. ಅಮ್ಮ ಓದಿದವಳಲ್ಲ, ಜೋರು ಮಾತಿನವಳೂ ಅಲ್ಲ, ಆದರೆ ಬೇರೆಯವರ ಮಾಲು ತನ್ನ ಕಣದಲ್ಲಿ ಇದ್ದಷ್ಟು ದಿನ ಅವಳಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ನಾನು ಆಗ ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಓದುತ್ತಿದ್ದದ್ದು ಇತಿಹಾಸ. ವಿಜ್ಞಾನ ನನಗೆ ಅಂದೂ ಅಷ್ಟಕ್ಕಷ್ಟೆ, ಇಂದೂ ಅಷ್ಟಕ್ಕಷ್ಟೆ.

ಬೇಸಿಗೆಯ ಮೊದಲಲ್ಲಿ ಒಂದು ರಾತ್ರಿ ಅಕಾಲದ ಮಳೆ ಬಂತು. ಕಾಯಿಯನ್ನೆಲ್ಲ ರಾಶಿ ಮಾಡಿ ತಾಡಪಾಲು ಹೊದಿಸಿದ್ದೆವು. ಬೆಳಿಗ್ಗೆ ತಾಡಪಾಲು ತೆಗೆಯಲು ಹೋದಾಗ ಕಣದ ಬದುವಿನ ಆಚೆ ಕೇಸರಿ ಬಣ್ಣದ ದೊಡ್ಡ ಬಟ್ಟೆಯೊಂದು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಅದಕ್ಕೆ ಹಗ್ಗಗಳು, ಹಗ್ಗದ ತುದಿಗೆ ಕಬ್ಬಿಣದ ಚೌಕಟ್ಟು, ಚೌಕಟ್ಟಿನಲ್ಲಿ ಯಂತ್ರಗಳು ಮತ್ತು ಒಂದು ಪೆಟ್ಟಿಗೆ. ಹಿಂದಿನ ಸಂಜೆಯೇ ಇಳಿದಿರಬೇಕು. ಕಾಯಿ ಆರಿಸಲು ಬಂದ ಹೆಂಗಸರು ಮುಟ್ಟಬೇಡ, ಮುಟ್ಟಬೇಡ ಎನ್ನುತ್ತಲೇ ಎಲ್ಲರೂ ಒಂದೊಂದು ಸಲ ಮುಟ್ಟಿದರು.

ಚೌಕಟ್ಟಿನ ಮೇಲೆ ನಾಲ್ಕಾರು ಭಾಷೆಗಳಲ್ಲಿ ಬರೆದ ಚೀಟಿ ಅಂಟಿಸಿದ್ದರು. ಕನ್ನಡವೂ ಇತ್ತು. ಇದು ಬಾಹ್ಯಾಕಾಶ ಸಂಶೋಧನೆಯ ಸಾಮಾನು, ಇದರಿಂದ ಅಪಾಯವಿಲ್ಲ, ತೆರೆಯಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಹೈದರಾಬಾದಿನ ಕಡೆಯಿಂದ ಬಹಳ ದೊಡ್ಡ ಬಲೂನು ಹಾರಿಸುತ್ತಾರೆ, ಅದು ವಿಮಾನ ಹೋಗುವುದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಯಂತ್ರಗಳು ಅಂಥ ಬಟ್ಟೆಯ ಛತ್ರಿಯಲ್ಲಿ ಕೆಳಗಿಳಿಯುತ್ತವೆ ಎಂಬುದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಬಲೂನಿನ ಪ್ಲಾಸ್ಟಿಕ್ಕು ಕುಪ್ಪೇಲೂರಿನ ಕಡೆ ಬಿತ್ತಂತೆ. ಅಲ್ಲಿಯ ಜನ ಮಧ್ಯಾಹ್ನದೊಳಗೆ ಅದನ್ನು ಕೊಯ್ದು ಹಂಚಿಕೊಂಡು ಜೋಳದ ಕಣಕಿಯ ಬಣವೆಗೆ ಹೊದಿಸಿದರಂತೆ.

ಅಮ್ಮ ನನ್ನನ್ನು ಬ್ಯಾಡಗಿಯ ಠಾಣೆಗೆ ಕಳಿಸಿದಳು. ಅಲ್ಲಿದ್ದ ಪೊಲೀಸಪ್ಪ ಒಳ್ಳೆಯವನೇ, ಆದರೆ ಅವನಿಗೆ ಒಂದು ಚಿಂತೆ ಹತ್ತಿತು.

"ಒಳಗ ಏನೈತ್ವಾ?"

"ತಗದು ನೋಡಿಲ್ರಿ. ತಗೀಬ್ಯಾಡ್ರಿ ಅಂತ ಬರದಾರ."

"ತಗದು ನೋಡದ ನಾ ಏನಂತ ಬರಕೊಳ್ಳಲಿ?"

ಪೆಟ್ಟಿಗೆ ಎಂದು ಬರೆದುಕೊಳ್ಳಿ ಎಂದೆ. ಫೋನು ಹತ್ತುವುದಕ್ಕೆ, ಹತ್ತಿದ ಮೇಲೆ ಆಚೆ ಕಡೆಯವರಿಗೆ ಊರು ಯಾವುದೆಂದು ತಿಳಿಯುವುದಕ್ಕೆ ಸಂಜೆಯಾಯಿತು. ನಾಳೆ ಬೆಳಿಗ್ಗೆ ಜೀಪು ಬರುತ್ತದೆ, ಯಾರೂ ಏನೂ ಮಾಡಬಾರದು ಎಂದರು. ಆ ಹೊತ್ತಿಗೆ ಮಾಡುವುದೆಲ್ಲ ಮುಗಿದಿತ್ತು.

ನಾನು ಅತ್ತ ಹೋದ ಮೇಲೆ ಅಮ್ಮ ಪೆಟ್ಟಿಗೆಯನ್ನು ನೋಡುತ್ತ ಕೂತಿದ್ದಳಂತೆ. ಬಿದ್ದ ಏಟಿಗೆ ಅದರ ಒಂದು ಮೂಲೆ ಬಿರಿದಿತ್ತು, ಬಿರುಕಿನಿಂದ ಮಳೆಯ ನೀರು ತೊಟ್ಟಿಕ್ಕುತ್ತಿತ್ತು. ತೆರೆಯಬೇಡಿ ಎಂದಿದ್ದಾರೆ, ಖರೆ. ಆದರೆ ಅದು ತಾನಾಗಿಯೇ ತೆರೆದಿದೆ. ಒಳಗೆ ನೀರು ಹೊಕ್ಕಿದೆ. ಯಾರದೋ ಮಾಲು ತನ್ನ ಕಣ್ಣೆದುರಿಗೆ ನೆನೆಯುತ್ತಿದ್ದರೆ ಕೈ ಕಟ್ಟಿ ಕೂರುವವಳಲ್ಲ ಅವಳು.

ಮುಚ್ಚಳ ಬಿಡಿಸಿದಳು. ಒಳಗೆ ಕಪ್ಪು ಕಾಗದದ ಪೊಟ್ಟಣಗಳು. ಕಾಗದ ನೆನೆದು ಮುದ್ದೆಯಾಗಿತ್ತು. ಅದನ್ನು ಸುಲಿದರೆ ಗಾಜಿನ ಬಿಲ್ಲೆಗಳು, ಒಂದೊಂದರ ಮೇಲೂ ಗಂಜಿ ಬಳಿದಂತೆ ಬೆಳ್ಳನೆಯ ಪದರ. ಆ ಪದರದಲ್ಲಿಯೇ ಎಲ್ಲ ಇತ್ತು ಎಂಬುದೂ ಆಮೇಲೆ ತಿಳಿದದ್ದು. ನಕ್ಷತ್ರಗಳ ಆಚೆಯಿಂದ ಬರುವ, ಕಣ್ಣಿಗೆ ಕಾಣದ ಕಣಗಳು ಅದರ ಮೂಲಕ ಹಾದು ಗೀರು ಎಳೆದು ಹೋಗುತ್ತವೆ. ಕತ್ತಲೆಯ ಕೋಣೆಯಲ್ಲಿ ಔಷಧದಲ್ಲಿ ತೊಳೆದರೆ ಮಾತ್ರ ಆ ಗೀರುಗಳು ಕಾಣುತ್ತವೆ. ಅದಕ್ಕೆ ಮೊದಲು ಬೆಳಕು ಬಿದ್ದರೆ ಮುಗಿಯಿತು. ಅಮ್ಮ ಅವನ್ನು ಸ್ವಚ್ಛ ಧೋತರದ ಮೇಲೆ ಸಾಲಾಗಿ, ಗಾಜು ಕೆಳಗೆ ಪದರ ಮೇಲೆ ಮಾಡಿ, ಬಿಸಿಲಿಗೆ ಹರವಿದಳು.

ನಾನು ಬಂದಾಗ ಅವಳು ಖುಷಿಯಲ್ಲಿದ್ದಳು. ಬೆಳ್ಳಗಿದ್ದ ಪದರ ಕಂದಾಗಿ, ನೇರಳೆಗೆ ತಿರುಗಿತ್ತು. ಮೆಣಸಿನಕಾಯಿ ಬಿಸಿಲು ಕುಡಿದಂತೆಲ್ಲ ಬಣ್ಣ ಏರುತ್ತದೆ. ಬಣ್ಣ ಏರಿದ ಮಾಲೇ ಒಳ್ಳೆಯ ಮಾಲು. ಅವಳಿಗೆ ಬೇರೆ ಯಾವ ಲೆಕ್ಕವೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

"ನೋಡು ಹೆಂಗ ಬಣ್ಣ ಕಟ್ಟ್ಯಾವ," ಎಂದಳು. "ಅವರು ಬರೂದ್ರಾಗ ಹಸಿ ಅಂಬೂದು ಇರಂಗಿಲ್ಲ."

ರಾತ್ರಿ ಇಬ್ಬನಿ ತಾಗಬಾರದೆಂದು ಒಳಗೆ ತಂದು ಕಂಬಳಿ ಮುಚ್ಚಿಟ್ಟಳು. ಬೆಳಿಗ್ಗೆ ಮತ್ತೆ ಹರವಿದಳು.

ಜೀಪು ಬಂತು. ಇಬ್ಬರು ಇಳಿದರು. ಒಬ್ಬರು ತಲೆ ನರೆತ ಹಿರಿಯರು, ಇಂಗ್ಲಿಷಿನ ಹೊರತು ಬೇರೆ ಮಾತಿಲ್ಲ. ಇನ್ನೊಬ್ಬ ನನಗಿಂತ ಐದಾರು ವರ್ಷ ದೊಡ್ಡವನಿರಬೇಕು, ಮೈಸೂರಿನ ಕಡೆಯ ಹುಡುಗ. ಅವನು ಜೀಪು ನಿಲ್ಲುವ ಮುಂಚೆಯೇ ಹಾರಿ ಇಳಿದು, ಕನ್ನಡದವರ ಕೈಗೇ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಅಮ್ಮನ ಎದುರು ನಿಂತ.

"ಪೆಟ್ಟಿಗೆ ಎಲ್ಲಿದೆಯಮ್ಮಾ? ಒಡೆದಿಲ್ಲ ತಾನೇ? ಹೋದ ಸಲ ಬಲೂನು ಮೇಲೇ ಒಡೆದುಹೋಯ್ತು. ನಂದು ನಾಲ್ಕು ವರ್ಷದ ಕೆಲಸ ಅದರಲ್ಲಿದೆ. ಇನ್ನೊಂದು ಸಲ ಕೊಡಲ್ಲ ಅಂದುಬಿಟ್ಟಿದ್ದಾರೆ."

"ಬಾರಪಾ, ಬಾ," ಎಂದಳು ಅಮ್ಮ. "ಮಳಿ ನೀರು ಹೊಕ್ಕಿತ್ತು. ನಾ ಇದ್ದೆ, ಉಳೀತು. ಎಲ್ಲಾ ಭಾಳ ಛಲೋ ಒಣಗ್ಯಾವ."

ಅವಳು ಮುಂದೆ, ಅವನು ಹಿಂದೆ. ಧೋತರದ ಎದುರು ಅವನು ನಿಂತ. ಬಗ್ಗಲಿಲ್ಲ, ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೀನಿದ. ನಮ್ಮ ಕಣಕ್ಕೆ ಹೊಸದಾಗಿ ಬಂದವರೆಲ್ಲ ಘಾಟಿಗೆ ಸೀನುತ್ತಾರೆ, ಕಣ್ಣಲ್ಲಿ ನೀರು ತರುತ್ತಾರೆ. ಹೆಂಗಸರು ನಕ್ಕರು.

ಹಿರಿಯರು ಬಂದು ನೋಡಿದರು. ಅವರ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಹುಡುಗನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದರು: ಇದು ಪೂರ್ತಿ ಹೋಯಿತು, ಬೆಳಕು ಬಿದ್ದಿದೆ, ಆ ಹೆಂಗಸಿಗೆ ಹೇಳಬೇಡ, ಅವಳಿಗೇನು ಗೊತ್ತು ಪಾಪ. ನನಗೆ ಇಂಗ್ಲಿಷು ಅರ್ಥವಾಗುತ್ತದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಪಾಪ ಎಂಬ ಧ್ವನಿ ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಚೆನ್ನಾಗಿ ಒಣಗಿಸಿದ್ದೀರಮ್ಮಾ," ಎಂದ ಹುಡುಗ. "ತುಂಬಾ ಉಪಕಾರ ಆಯ್ತು."

ಬಿಲ್ಲೆಗಳನ್ನು ಒಟ್ಟುಮಾಡಿ ಪೆಟ್ಟಿಗೆಗೆ ಹಾಕತೊಡಗಿದ. ಒಂದರ ಮೇಲೊಂದು, ನಡುವೆ ಕಾಗದವಿಲ್ಲ, ಬಟ್ಟೆಯಿಲ್ಲ. ಗಾಜು ಗಾಜಿಗೆ ಬಡಿದು ಸದ್ದಾಗುತ್ತಿತ್ತು. ಒಂದು ಒಡೆಯಿತು, ಅವನು ಅದರತ್ತ ನೋಡಲೂ ಇಲ್ಲ. ಅಮ್ಮನ ಮುಖದ ಮೇಲಿದ್ದ ನಗು ಅಷ್ಟರಲ್ಲೇ ಇಳಿಯಿತು. ಒಳ್ಳೆಯ ಮಾಲನ್ನು ಯಾರೂ ಹಾಗೆ ತುಂಬುವುದಿಲ್ಲ.

ಅವಳು ನನ್ನ ಹತ್ತಿರ ಬಂದು ನಮ್ಮ ಮನೆಯ ಉರ್ದುವಿನಲ್ಲಿ, ಆ ದೊಡ್ಡವರು ಏನೆಂದರು ಎಂದು ಕೇಳಿದಳು. ಅಮ್ಮನ ಎದುರು ನನಗೆ ಸುಳ್ಳು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಿಸಿಲೇ ಅದನ್ನು ಕೆಡಿಸಿತು ಎಂದೂ ಹೇಳಿದೆ. ಅವಳು ಕಾಯಿಯ ರಾಶಿಯ ಪಕ್ಕದಲ್ಲಿ ಕೂತಳು. ಜೀಪಿನವರು ಚೌಕಟ್ಟನ್ನು ಏರಿಸಿ ಕಟ್ಟಿದರು. ಹುಡುಗ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಅವಳು ಎದ್ದಳು.

"ಅದನ್ನ ಕೆಳಗ ಇಡಪಾ," ಎಂದಳು. ಹೆಂಗಸರತ್ತ ತಿರುಗಿ, "ತಕ್ಕಡಿ ಕಟ್ರಿ," ಎಂದಳು.

ಹುಡುಗನಿಗೆ ತಿಳಿಯಲಿಲ್ಲ. ನಾನು ತಿಳಿಸಬೇಕಾಯಿತು. ನಮ್ಮ ಕಣದಲ್ಲಿ ಒಂದು ರೂಢಿ ಇತ್ತು. ಯಾರದಾದರೂ ಮಾಲು ನಮ್ಮ ಕೈಯಲ್ಲಿ ಕೆಟ್ಟರೆ, ಎಷ್ಟು ತೂಕ ಕೆಟ್ಟಿತೋ ಅಷ್ಟು ತೂಕ ನಮ್ಮ ಸ್ವಂತ ರಾಶಿಯಿಂದ ತೂಗಿ ಕೊಡುವುದು. ಮಳೆ ಬಂತು, ಗೊತ್ತಿರಲಿಲ್ಲ ಎಂಬ ಮಾತೆಲ್ಲ ಅಲ್ಲಿ ನಡೆಯುತ್ತಿರಲಿಲ್ಲ. ಕೊಡುವುದನ್ನು ಬೇಡ ಎಂದರೆ ಆ ಮನುಷ್ಯ ಇನ್ನು ನಮ್ಮ ಕಣಕ್ಕೆ ಕಾಲಿಡುವುದಿಲ್ಲ ಎಂದೇ ಅರ್ಥ.

ಮೂರು ಬಿದಿರಿನ ನಡುವೆ ತಕ್ಕಡಿ ನೇತುಹಾಕಿದರು. ಅಮ್ಮ ಪೆಟ್ಟಿಗೆಯಿಂದ ಬಿಲ್ಲೆಗಳನ್ನು ತೆಗೆದು ಒಂದು ತಟ್ಟೆಯಲ್ಲಿಟ್ಟಳು. ಒಡೆದ ಚೂರುಗಳನ್ನೂ ಬಿಡಲಿಲ್ಲ. ಇನ್ನೊಂದು ತಟ್ಟೆಯ ಮೇಲೆ ಚೀಲ ಇಟ್ಟು ಕಾಯಿ ತುಂಬತೊಡಗಿದಳು. ಅದು ನಮ್ಮ ಸ್ವಂತ ಹೊಲದ ಕಾಯಿ, ಆ ವರ್ಷದ್ದರಲ್ಲಿ ಅವಳೇ ಕೈಯಾರೆ ಆರಿಸಿಟ್ಟದ್ದು. ಗಾಜು ಭಾರ, ಒಣಗಿದ ಕಾಯಿ ಹಗುರ. ಚೀಲ ತುಂಬಿ ತುಳುಕಿದರೂ ತಟ್ಟೆ ಮೇಲೇ ಇತ್ತು. ಎರಡನೆಯ ಚೀಲ ಬಂತು. ನಮ್ಮ ರಾಶಿ ಕರಗುತ್ತಿದ್ದುದು ನನಗೂ ಕಂಡಿತು, ಅವನಿಗೂ ಕಂಡಿತು.

ಅವನು ತಟ್ಟೆಯಿಂದ ಒಂದು ಬಿಲ್ಲೆ ತೆಗೆದು ಆಕಾಶಕ್ಕೆ ಹಿಡಿದು ನೋಡಿದ. "ಇದು ಕೆಟ್ಟಿಲ್ಲಮ್ಮಾ," ಎಂದು ಪಕ್ಕಕ್ಕಿಟ್ಟ. ಇನ್ನೊಂದು ತೆಗೆದ. "ಇದೂ ಚೆನ್ನಾಗಿದೆ. ಇದೂನು." ಹಾಗೆ ತೆಗೆದು ತೆಗೆದು ತಟ್ಟೆಯಲ್ಲಿ ನಾಲ್ಕೈದು ಬಿಲ್ಲೆ, ಒಂದಿಷ್ಟು ಚೂರು ಉಳಿಸಿದ. "ಹಾಳಾಗಿರೋದು ಇಷ್ಟೇ. ಒಂದು ಹಿಡಿ ಕೊಟ್ಟರೆ ಸಾಕು." ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಹಿರಿಯರು ಜೀಪಿನ ಬಳಿ ನಿಂತು ಗಡಿಯಾರ ನೋಡಿಕೊಂಡರು.

ಅಮ್ಮ ಅವನನ್ನು ತಡೆಯಲಿಲ್ಲ. ಅವನು ಮುಗಿಸಿದ ಮೇಲೆ, ಕೆಟ್ಟಿಲ್ಲ ಎಂದದ್ದರಲ್ಲಿ ಒಂದು, ಕೆಟ್ಟಿದೆ ಎಂದದ್ದರಲ್ಲಿ ಒಂದು ಎತ್ತಿಕೊಂಡು ಬಿಸಿಲಿಗೆ ಹಿಡಿದಳು.

"ಎರಡೂ ಒಂದ ಬಣ್ಣ ಅದಾವಲ್ಲೋ ತಮ್ಮಾ," ಎಂದಳು. "ಕಾಯಿ ಆರಸೂ ಹೆಂಗಸಿನ ಮುಂದ ಆರಸಾಕ ಕುಂತೀಯಲ್ಲ ನೀ."

ಪಕ್ಕಕ್ಕಿಟ್ಟವನ್ನೆಲ್ಲ ಒಂದೊಂದಾಗಿ ಮತ್ತೆ ತಟ್ಟೆಗೆ ಹಾಕಿದಳು.

"ಎಲ್ಲಾ ಹೋಯ್ತಮ್ಮಾ," ಎಂದ ಹುಡುಗ. "ಒಂದೂ ಉಳಿದಿಲ್ಲ." ನೆಲದ ಮೇಲೆ ಕುಕ್ಕರಿಸಿ, ಮೊಣಕಾಲ ಮೇಲೆ ತಲೆಯಿಟ್ಟು ಅತ್ತ. ಈ ಸಲ ಹೆಂಗಸರು ಯಾರೂ ನಗಲಿಲ್ಲ. ನನ್ನ ಸಿಟ್ಟೂ ಅಲ್ಲಿಗೆ ಇಳಿಯಿತು.

"ಅಳು," ಎಂದಳು ಅಮ್ಮ. "ನಾಕ ವರ್ಷದ್ದು ಹೋಗೈತಿ. ನನ್ನ ಕೈಲೇ ಹೋಗೈತಿ. ಅಳಾಕ ಬೇಕು."

ಅವನು ಅಳುವಷ್ಟು ಹೊತ್ತು ಅವಳು ತಕ್ಕಡಿಯ ಪಕ್ಕದಲ್ಲಿ ಕೂತಿದ್ದಳು. ಆಮೇಲೆ ಅವನು ಎದ್ದು, ಮುಖ ಒರೆಸಿಕೊಂಡು, ತಾನಾಗಿಯೇ ಬಂದು ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದ. ಅವಳು ಬೊಗಸೆ ಬೊಗಸೆಯಾಗಿ ಹಾಕಿದಳು. ಗಾಜಿನ ತಟ್ಟೆ ನೆಲ ಬಿಟ್ಟಿತು, ಏರಿತು, ಮುಳ್ಳು ನೆಟ್ಟಗೆ ನಿಂತಿತು. ಸಾಕು ಎಂದು ಅವನು ಚೀಲದ ಬಾಯಿ ಮುಚ್ಚಲು ಹೋದ.

"ತಡಿ," ಎಂದು ಅಮ್ಮ ಮತ್ತೊಂದು ಬೊಗಸೆ ತುಂಬಿ ಹಾಕಿದಳು. ಅವನು ಯಾಕೆ ಎನ್ನುವಂತೆ ಅವಳ ಮುಖ ನೋಡಿದ.

"ಇದು ತೂಕದ ಮ್ಯಾಲಿನ ಕೊಸರು," ಎಂದಳು. "ನನ್ನ ಸಲುವಾಗಿ ಸುಳ್ಳ ಹೇಳಿದ್ಯಲ್ಲ, ಅದಕ್ಕ."