ಹಲ್ಲು ಕಟ್ಟಿಸಿದ ಮೇಲೆ ಸಪ್ಪೆಯಾದ ಚಹಾ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಹೆಂಗಸಿಗೆ ಗುಟುಕಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಮೆಚ್ಚಿ ಇಟ್ಟದ್ದಂತೂ ಅಲ್ಲ. ಚಹಾವನ್ನು ಗಂಟಲಿಗೆ ಸುರಿದುಕೊಳ್ಳದೆ ಒಂದೊಂದೇ ಗುಟುಕು ಬಾಯಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ, ಆಮೇಲೆ ನುಂಗುತ್ತಾಳೆ ಎಂಬುದು ಬೀದಿಯವರಿಗೆ ನಗುವ ವಿಷಯ. ದೊಡ್ಡ ಹೋಟೆಲಿನಲ್ಲಿ ಕೋಟು ತೊಟ್ಟವನೊಬ್ಬ ಇದನ್ನೇ ಮಾಡಿದರೆ ಎಂಥ ಅಭಿರುಚಿ ಎನ್ನುತ್ತೇವೆ. ಇಸ್ತ್ರಿಯವಳು ಮಾಡಿದರೆ ಕೊಬ್ಬು. ಈ ನಮ್ಮ ಬುದ್ಧಿಯ ಸುಕ್ಕು ಬಿಡಿಸುವ ಪೆಟ್ಟಿಗೆಯನ್ನು ಇನ್ನೂ ಯಾರೂ ಮಾಡಿಲ್ಲ.

ಅಂಗಡಿ ಅಂದರೆ ಒಂದು ಉದ್ದನೆಯ ಮೇಜು. ಮೇಜಿನ ಮೇಲೆ ಹಳೆ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದ ಬಿಳಿ ಬಟ್ಟೆ. ಒಂದು ಕಡೆ ಮುದುಡಿದ ಬಟ್ಟೆಗಳ ಗುಡ್ಡೆ, ಇನ್ನೊಂದು ಕಡೆ ಕಾಲರು ಎತ್ತಿ ಕೂತ ಅಂಗಿಗಳು. ಪರದೆಯ ಆಚೆ ಒಂದೇ ಕೋಣೆ; ಅಲ್ಲಿ ಅವಳೂ ಮಗನೂ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಅವನು ಏನು ಆಸ್ತಿ ಬಿಟ್ಟುಹೋದ ಎಂದು ಯಾರಾದರೂ ಕೇಳಿದರೆ, ತನ್ನ ತಂಗಿಯನ್ನು ಬಿಟ್ಟುಹೋದ ಎನ್ನುತ್ತಾಳೆ. ಆ ನಾದಿನಿ ಆಸ್ಪತ್ರೆಯಲ್ಲಿ ಆಯಾ. ವಾರದ ರಜಾದಿನ ಮಧ್ಯಾಹ್ನ ತಪ್ಪದೆ ಬರುತ್ತಾಳೆ.

ಚಹಾದ ಹುಚ್ಚು ಹತ್ತಿದ್ದು ಒಂದು ಕೋಟಿನಿಂದ. ಇಸ್ತ್ರಿಗೆ ಬಂದ ಕೋಟಿನ ಒಳಜೇಬಿನಲ್ಲಿ ಒಂದು ಪುಟ್ಟ ಪೊಟ್ಟಣ ಸಿಕ್ಕಿತು. ವಾಪಸು ಕೊಡಲು ಹೋದರೆ ಕೋಟಿನವನು, ಯಾರೋ ಎಲ್ಲೋ ಕೊಟ್ಟ ಟೀಪುಡಿ, ನೀವೇ ಇಟ್ಟುಕೊಳ್ಳಿ ಎಂದ. ಅತ್ತಿಗೆ ನಾದಿನಿ ಅದನ್ನು ಹಾಲು ಸಕ್ಕರೆ ಹಾಕದೆ ಕುಡಿದು ಮುಖ ಮುಖ ನೋಡಿಕೊಂಡರು. ಅಲ್ಲಿಯವರೆಗೆ ಚಹಾ ಅಂದರೆ ಅವರಿಗೆ ಬಿಸಿ ಮತ್ತು ಸಿಹಿ, ಅಷ್ಟೆ. ಅಂದಿನಿಂದ ಆಟ ಶುರುವಾಯಿತು. ಒಬ್ಬಳು ಕುದಿಸುವುದು, ಇನ್ನೊಬ್ಬಳು ಗೋಡೆಗೆ ಮುಖ ಮಾಡಿ ಕೂರುವುದು. ಮೂರು ಒಂದೇ ಥರದ ಬಟ್ಟಲು. ಯಾವುದು ಯಾವ ಪುಡಿ ಎಂದು ಗುಟುಕಿನಲ್ಲೇ ಹೇಳಬೇಕು. ಸೋತವಳು ಪಾತ್ರೆ ತೊಳೆಯಬೇಕು.

ಚಹಾದ ಬಗ್ಗೆ ಬರೆಯುವವರು ಯಾವ ಮಾತು ಬಳಸುತ್ತಾರೋ ಇವರಿಗೆ ಗೊತ್ತಿಲ್ಲ. ತಮ್ಮ ಮಾತಿನಲ್ಲೇ ಆಡಿಕೊಳ್ಳುತ್ತಾರೆ. ಗಂಟಲಿಗೆ ಚುಚ್ಚುವಂಥದ್ದು ಗುಟುಕಕ್ಕನಿಗೆ ಗಂಜಿ ಹೆಚ್ಚಾದ ಕಾಲರು. ಹೊಗೆ ವಾಸನೆಯದು ಬಂದರೆ, ಯಾರೋ ಬಟ್ಟೆ ಮೇಲೆ ಪೆಟ್ಟಿಗೆ ಇಟ್ಟು ಫೋನಿನಲ್ಲಿ ಹರಟೆಗೆ ಕೂತಿದ್ದಾರೆ ಎನ್ನುತ್ತಾಳೆ. ನಾದಿನಿಯದು ಆಸ್ಪತ್ರೆಯ ಅಳತೆ. ತೆಳುವಾದದ್ದನ್ನು ಆಪರೇಷನ್ ಆದವರಿಗೂ ಕೊಡಬಹುದು, ಗಟ್ಟಿಯಾದದ್ದಕ್ಕೆ ಹಾಸಿಗೆ ಹಿಡಿದವನೂ ಎದ್ದು ಬಿಲ್ ಕೇಳುತ್ತಾನೆ. ಹೆಚ್ಚು ಸಲ ಗೆಲ್ಲುತ್ತಿದ್ದವಳು ಗುಟುಕಕ್ಕ. ಅದರ ಜಂಭವೂ ಅವಳಿಗಿತ್ತು, ಇರಲಿ ಬಿಡಿ. ದಿನವಿಡೀ ಊರವರ ಸುಕ್ಕು ತೆಗೆಯುವವಳಿಗೆ ಒಂದು ಜಂಭ ಬೇಡವೇ?

ಹೀಗಿರುವಾಗ ಮಗನಿಗೆ ಮದುವೆ ಗೊತ್ತಾಯಿತು. ಹುಡುಗ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಯ ಎದುರು ಸದಾ ನಗುತ್ತಲೇ ಇರಬೇಕಾದ ಕೆಲಸ. ತಾಯಿಯ ಮೇಲಿನ ಸಾಲಿನ ಹಲ್ಲುಗಳು ಒಂದೊಂದಾಗಿ ಸಡಿಲಾಗಿ, ಉಳಿದದ್ದು ಎರಡೋ ಮೂರೋ. ಅವನ್ನೂ ಕೀಳಿಸಿ ಸೆಟ್ಟು ಕಟ್ಟಿಸೋಣ ಎಂದ. ಹೆಣ್ಣಿನ ಕಡೆಯವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂದ. ಕೆಟ್ಟ ಮಗನೇನಲ್ಲ. ಹಲ್ಲಿಲ್ಲದ ತಾಯಿಯನ್ನು ನೋಡಿ ಜನ ತನ್ನನ್ನು ಅಳೆಯುತ್ತಾರೆ ಎಂದು ಹೆದರಿದ್ದ. ಹಾಗೆ ಅಳೆಯುವವರು ನಾವೇ ಆದ್ದರಿಂದ ಅವನನ್ನೊಬ್ಬನನ್ನೇ ಬೈಯುವ ಹಕ್ಕು ನಮಗಿಲ್ಲ.

ಹಲ್ಲು ಬಂತು. ಬೀದಿಯವರೆಲ್ಲ ವಯಸ್ಸು ಹತ್ತು ವರ್ಷ ಇಳಿಯಿತು ಎಂದರು. ಆದರೆ ಆ ರಜಾದಿನ ಗೋಡೆಗೆ ಮುಖ ಮಾಡಿ ಕೂತ ಗುಟುಕಕ್ಕ ಮೊದಲ ಬಟ್ಟಲು ಕುಡಿದು ಸುಮ್ಮನಾದಳು. ಎರಡನೆಯದಕ್ಕೂ ಸುಮ್ಮನಾದಳು. ಮೂರನೆಯದಕ್ಕೆ, ನೀನು ಒಂದೇ ಟೀ ಮೂರು ಸಲ ಕೊಟ್ಟು ಆಟ ಆಡಿಸ್ತಿದ್ದೀಯ ಎಂದು ನಾದಿನಿಯ ಮೇಲೆ ಹರಿಹಾಯ್ದಳು. ನಾದಿನಿ ಪೊಟ್ಟಣಗಳನ್ನು ತಂದು ಮುಂದಿಟ್ಟಳು. ಮೂರೂ ಬೇರೆ ಬೇರೆ.

ನಾದಿನಿಯ ಮೇಲಿನ ಸಿಟ್ಟು ಟೀಪುಡಿ ಮಾರುವವನ ಕಡೆ ತಿರುಗಿತು. ಮರುದಿನವೇ ಟೀಪುಡಿ ಅಂಗಡಿಗೆ ಹೋಗಿ, ಹಳೇ ಸರಕನ್ನು ಹೊಸದು ಅಂತ ಮಾರ್ತೀಯಾ ಎಂದು ಗಿರಾಕಿಗಳ ಎದುರೇ ಅವನ ಮಾನ ಹರಾಜಿಗಿಟ್ಟಳು. ಅವನು ಡಬ್ಬಿ ಡಬ್ಬಿ ತೆಗೆದು ಮೂಸಿಸಿದ. ಮೂಗಿಗೆ ಎಲ್ಲವೂ ಸರಿಯಾಗಿಯೇ ಇದ್ದವು. ಅದು ಇನ್ನಷ್ಟು ಕಂಗೆಡಿಸಿತು. ಮನೆಯಲ್ಲಿ ನೀರು ಬದಲಿಸಿದಳು, ಪಾತ್ರೆ ಬದಲಿಸಿದಳು. ಬಾಯಿಗೆ ಬಂದದ್ದು ಬರೀ ಬಿಸಿನೀರು. ತನ್ನ ನಾಲಿಗೆಯೇ ಸತ್ತಿದೆ ಎಂದುಕೊಂಡಳು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ, ಊಟ ಸೇರುತ್ತಲ್ಲ, ಮತ್ತೇನು ಎನ್ನುತ್ತಾರೆ.

ಆಟ ನಿಂತಿತು. ನಾದಿನಿ ಬರುವುದು ಮಾತ್ರ ನಿಲ್ಲಲಿಲ್ಲ. ಬಂದು ಗುಂಡಿ ಬಿದ್ದ ಅಂಗಿಗಳಿಗೆ ಗುಂಡಿ ಹಾಕುತ್ತ ಕೂರುತ್ತಿದ್ದಳು.

"ಅತ್ತಿಗೆ, ಸೋಲೋದು ಬೇಜಾರಾದ್ರೆ ಹೇಳಿ, ನಾನೇ ಸೋಲ್ತೀನಿ. ಪಾತ್ರೆ ತೊಳೆಯೋದೇನು ನನಗೆ ಹೊಸದಾ?"

"ನೀನು ಸೋತ್ರೂ ನನಗೆ ರುಚಿ ಸಿಗಲ್ವಲ್ಲೇ," ಎಂದಳು ಗುಟುಕಕ್ಕ.

ಗುಟ್ಟು ಬಿಟ್ಟುಕೊಟ್ಟದ್ದು ವಸಡಿನ ಹುಣ್ಣು. ಒಂದು ಮಧ್ಯಾಹ್ನ ಹಾಸಿಗೆ ಚಾದರಗಳ ರಾಶಿಗೆ ನೀರು ಚಿಮುಕಿಸುತ್ತಿದ್ದವಳಿಗೆ ಹಲ್ಲು ಒತ್ತಿ ಒತ್ತಿ ತಡೆಯಲಾಗಲಿಲ್ಲ. ಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿದಳು. ಬಾಯಿ ತೊಳೆದಂತಾಗಲಿ ಎಂದು ಬೆಳಗ್ಗೆ ಉಳಿದು ತಣ್ಣಗಾಗಿದ್ದ ಚಹಾ ಒಂದು ಗುಟುಕು ತೆಗೆದುಕೊಂಡಳು. ತಣ್ಣಗಿನ, ಹಳಸಲು, ಯಾರೂ ಮುಟ್ಟದ ಆ ಚಹಾದಲ್ಲಿ ಎಲ್ಲವೂ ಇತ್ತು. ಒಗರಿತ್ತು, ಒಗರಿನ ಹಿಂದೆ ಒಂದು ತೆಳು ಸಿಹಿಯೂ ಇತ್ತು. ಹಲ್ಲು ಹಾಕಿಕೊಂಡು ಕುಡಿದು ನೋಡಿದಳು: ತಣ್ಣೀರಿನ ತಂಗಿ. ತೆಗೆದು ಕುಡಿದಳು: ಚಹಾ. ಸೆಟ್ಟಿನ ಹಲಗೆ ಅಂಗುಳನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಸತ್ತದ್ದು ನಾಲಿಗೆಯಲ್ಲ; ಅದರ ನೆತ್ತಿಯ ಮೇಲೆ ಯಾರೋ ಪ್ಲಾಸ್ಟಿಕ್ ಹೊದಿಸಿದ್ದರು.

ಮೊದಲು ಹೋದದ್ದು ಟೀಪುಡಿ ಅಂಗಡಿಗೆ. ಗಿರಾಕಿಗಳಿದ್ದ ಹೊತ್ತನ್ನೇ ನೋಡಿಕೊಂಡು ಹೋಗಿ, ತಪ್ಪು ನಿಂದಲ್ಲಪ್ಪ, ನನ್ನ ಹಲ್ಲಿಂದು ಎಂದಳು. ಅವನು, ನಿಮ್ಮ ಹಲ್ಲಿಗೂ ಒಂದು ಪೊಟ್ಟಣ ಫ್ರೀ ಕೊಡ್ತೀನಿ ಅಕ್ಕ, ಇನ್ನೊಂದ್ಸಲ ಮಾತ್ರ ಹೀಗೆ ಬೈಬೇಡಿ ಎಂದ. ಎಲ್ಲರೆದುರು ಬೈದು, ಕದ್ದು ಕ್ಷಮೆ ಕೇಳುವ ದೊಡ್ಡವರನ್ನು ಬೇಕಾದಷ್ಟು ನೋಡಿದ್ದೇವೆ. ಇದು ಬೇರೆ ಥರ.

ಹಲ್ಲಿನ ಡಾಕ್ಟರ ಹತ್ತಿರ ಹೇಳಿದ್ದಕ್ಕೆ ಅವರು, ಈ ವಯಸ್ಸಲ್ಲಿ ಅಗಿಯೋಕಾದ್ರೆ ಸಾಕಲ್ಲಮ್ಮ ಎಂದರಂತೆ. ಯಾವ ವಯಸ್ಸಿಗೆ ರುಚಿ ನಿಂತುಹೋಗಬೇಕು ಎಂಬ ಕಾಯಿದೆಯನ್ನು ಬರೆದವರು ಯಾರು? ಡಾಕ್ಟರು ತಮ್ಮ ಊಟದ ತಟ್ಟೆಗೆ ಆ ಕಾಯಿದೆಯನ್ನು ಯಾವತ್ತಿನಿಂದ ಜಾರಿಗೆ ತರುತ್ತಾರೆ? ಗುಟುಕಕ್ಕ ಇದನ್ನೆಲ್ಲ ಕೇಳಲಿಲ್ಲ. ಮನೆಗೆ ಬಂದು ಹಲ್ಲು ತೆಗೆದಿಟ್ಟು ನಾದಿನಿಯನ್ನು ಕರೆಸಿದಳು. ಆಟ ಮತ್ತೆ ಶುರು. ಅನ್ನಕ್ಕೆ ಹಲ್ಲು ಹಾಕುವುದು, ಚಹಾಕ್ಕೆ ತೆಗೆಯುವುದು, ಇಷ್ಟೇ.

ಮಗನಿಗೆ ಮಾತ್ರ ಇದು ನುಂಗಲಾರದ ತುತ್ತಾಯಿತು. ಬೀಗರಾಗುವವರು ಮನೆಗೆ ಬರುವ ದಿನ ಬೆಳಗ್ಗೆ ಒಂದೇ ಮಾತು ಹೇಳಿದ: "ಅಮ್ಮ, ಇವತ್ತೊಂದಿನ ಅವರೆದುರು ತೆಗೀಬೇಡ. ಟೀ ಹೇಗಿದ್ರೂ ಚೆನ್ನಾಗಿದೆ ಅಂತ ಹೇಳು. ಸುಳ್ಳು ಹೇಳಿದ್ರೆ ಬಾಯಿ ಬಿದ್ದುಹೋಗಲ್ಲ." ಗುಟುಕಕ್ಕ ಹೂಂ ಎಂದಳು. ಅವತ್ತು ಅಂಗಡಿಗೆ ರಜೆ. ಇಸ್ತ್ರಿ ಮೇಜಿನ ಮೇಲೆ ಚಾದರ ಹಾಸಿ, ಅದನ್ನೇ ಊಟದ ಮೇಜು ಮಾಡಿ, ಸುತ್ತ ಅಕ್ಕಪಕ್ಕದವರ ಕುರ್ಚಿ ಇಟ್ಟರು.

ಬೀಗರು ಬರಿಗೈಯಲ್ಲಿ ಬರಲಿಲ್ಲ. ನಿಮಗೆ ಟೀ ಅಂದ್ರೆ ಇಷ್ಟ ಅಂತ ಮಗಳು ಹೇಳಿದ್ಲು ಎಂದು ಬೆಳ್ಳಿ ಬಣ್ಣದ ಡಬ್ಬಿಯೊಂದನ್ನು ಮುಂದಿಟ್ಟರು. ಎಲ್ಲಿಂದಲೋ ತರಿಸಿದ ಎಲೆ. ನಾದಿನಿ ಕುದಿಸಿ ತಂದಳು. ಎಲ್ಲರೂ ಕುಡಿದರು, ತಲೆ ಆಡಿಸಿದರು. ಗುಟುಕಕ್ಕ ಹಲ್ಲಿನೊಂದಿಗೇ ಒಂದು ಗುಟುಕು ಕುಡಿದಳು. ಏನೂ ಇಲ್ಲ.

"ನೀವು ಹೇಳ್ಬೇಕು ಬೀಗಿತ್ತಿಯವ್ರೇ. ನಮಗೇನು ಗೊತ್ತು, ಡಬ್ಬಿ ನೋಡಿ ತಂದ್ವಿ," ಎಂದರು ಹೆಣ್ಣಿನ ತಂದೆ.

ಮಗ ತಾಯಿಯನ್ನೇ ನೋಡುತ್ತಿದ್ದ. ಚೆನ್ನಾಗಿದೆ ಎಂಬ ಒಂದು ಮಾತು ಎಷ್ಟು ಹೊತ್ತಿನ ಕೆಲಸ? ಅವಳಿಗೆ ಅದು ಬರಲಿಲ್ಲ. ಮನುಷ್ಯ ಪ್ರೀತಿಯಿಂದ ತಂದು ಕೇಳುತ್ತಿದ್ದಾನೆ; ರುಚಿ ಸಿಗದೆಯೇ ಹೇಗೆ ಹೇಳುವುದು? ಒಂದು ನಿಮಿಷ ಎಂದು ಪಕ್ಕಕ್ಕೆ ತಿರುಗಿ, ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿ, ಬಟ್ಟಲಿಗೆ ಬಾಯಿ ಹಚ್ಚಿದಳು. ಕಣ್ಣು ಮುಚ್ಚಿದಳು. ಹೆಣ್ಣಿನ ತಾಯಿ ಕಿಟಕಿಯ ಕಡೆ ನೋಡತೊಡಗಿದರು. ಮಗ ಎದ್ದು ಬಾಗಿಲಿನ ಹತ್ತಿರ ಹೋಗಿ ಬೆನ್ನು ಹಾಕಿ ನಿಂತ.

"ಮೊದಲ ರುಚಿ ತುಂಬ ಚೆನ್ನಾಗಿದೆ," ಎಂದಳು, ಹಲ್ಲಿಲ್ಲದ ಬಾಯಿಯ ಮೆತ್ತನೆ ಮಾತಿನಲ್ಲಿ. "ಮೇಲೆಲ್ಲ ಒಳ್ಳೆ ಇಸ್ತ್ರಿ. ಒಳಮಡಿಕೆ ಮಾತ್ರ ಇನ್ನೂ ಹಸಿ ಇದೆ. ಪೂರ್ತಿ ಒಣಗೋ ಮೊದಲೇ ಡಬ್ಬಿಗೆ ತುಂಬಿದ್ದಾರೆ. ನಾಲ್ಕು ದಿನ ಮುಚ್ಚಳ ಸಡಿಲ ಮಾಡಿಟ್ರೆ ಸರಿಹೋಗುತ್ತೆ."

ಹೆಣ್ಣಿನ ತಂದೆ ಇನ್ನೊಂದು ಗುಟುಕು ಕುಡಿದು, ಆ ಹಸಿ ಎಲ್ಲಿದೆ ಎಂದು ಬಾಯಿ ಚಪ್ಪರಿಸುತ್ತ ಹುಡುಕತೊಡಗಿದರು. ಸಿಗಲಿಲ್ಲ. ಆಮೇಲೆ ಮಾತು ಮದುವೆಯ ಕಡೆ ಹೊರಳಿತು. ಹೆಣ್ಣಿನ ತಾಯಿ ಮಾತು ಕಡಿಮೆ ಮಾಡಿದರು, ಆದರೆ ಮದುವೆಯ ದಿನ ಹಿಂದೆ ಮುಂದೆ ಆಗಲಿಲ್ಲ.

ಅವರು ಹೋದ ಮೇಲೆ ಮಗ ಬಹಳ ಹೊತ್ತು ಕುರ್ಚಿಗಳನ್ನು ಅವರವರ ಮನೆಗೆ ಮುಟ್ಟಿಸುವ ನೆಪದಲ್ಲಿ ಹೊರಗೇ ಇದ್ದ. ಬಂದವನು ತಾಯಿಯ ಮುಖ ನೋಡದೆ ಅವಳ ಬಟ್ಟಲಿನಲ್ಲಿ ಉಳಿದದ್ದನ್ನು ಕುಡಿದ.

"ನನಗೇನೂ ಗೊತ್ತಾಗ್ಲಿಲ್ಲ," ಎಂದ.

"ಗಟಗಟ ಕುಡಿದ್ರೆ ಎಲ್ಲಿ ಗೊತ್ತಾಗುತ್ತೆ? ಕೂತ್ಕೋ," ಎಂದಳು ಗುಟುಕಕ್ಕ. ನಾದಿನಿ ಆಗಲೇ ಒಲೆ ಹಚ್ಚಿದ್ದಳು. ಅವನು ಕೂತ. ಯಾರೂ ಹೇಳದಿದ್ದರೂ ಗೋಡೆಯ ಕಡೆ ಮುಖ ಮಾಡಿದ.