ಆ ಮನೆತನದ ಸೊಸೆಗೆ ಕುಂಕುಮ

ಶಂಕರಪುರದ ನಮ್ಮ ಮನೆ ಬಾಗಿಲಿಗೆ ಕಾರ್ಪೊರೇಷನ್ ಚುನಾವಣೆಯ ಕರಪತ್ರ ಬಂದಾಗ ನಾನು ಓದಿದ್ದು ಒಂದೇ ಒಂದು ಪದ, ಆ ಮನೆತನದ ಹೆಸರು. ಅಭ್ಯರ್ಥಿ ಹೆಂಗಸು, ಆ ಮನೆಯ ಸೊಸೆ ಅನ್ನುವಷ್ಟು ಕಣ್ಣಿಗೆ ಬಿತ್ತು. ಏನು ಓದಿದ್ದಾಳೆ, ಏನು ಮಾಡುತ್ತಾಳಂತೆ, ಯಾವುದೂ ನನಗೆ ಬೇಕಿರಲಿಲ್ಲ. ಹರಿದು ಕಸದ ಬುಟ್ಟಿಗೆ ಹಾಕಿದೆ.

ನನ್ನ ಸಿಟ್ಟಿಗೆ ಕಾರಣ ಇತ್ತು. ಅಪ್ಪನಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇತ್ತು. ರಸ್ತೆ ಅಗಲ ಮಾಡುತ್ತಾರೆ ಅನ್ನುವ ಸುದ್ದಿ ಎದ್ದಾಗ ಈಕೆಯ ಮಾವನೇ ಅಲ್ಲಿನ ಕಾರ್ಪೊರೇಟರ್. ನಮ್ಮ ನಡುಮನೆಯಲ್ಲಿ ಕೂತು ಕಾಫಿ ಕುಡಿದು, "ಒಂದು ಇಟ್ಟಿಗೆಯೂ ಅಲ್ಲಾಡಲ್ಲ ಸ್ವಾಮಿ, ನಾನಿದೀನಲ್ಲ" ಅಂದಿದ್ದರು. ಅಪ್ಪ ನಂಬಿ ಬೇರೆ ಜಾಗ ನೋಡಲೇ ಇಲ್ಲ. ಎರಡು ವಾರಕ್ಕೆ ಅಂಗಡಿ ನೆಲಸಮ. ಆಮೇಲೆ ಆ ಮನುಷ್ಯ ಎದುರಿಗೆ ಸಿಕ್ಕರೂ ಮುಖ ತಿರುಗಿಸಿ ಹೋಗುತ್ತಿದ್ದರು. ಅಪ್ಪ ಮತ್ತೆ ಅಂಗಡಿ ಇಡಲಿಲ್ಲ, ಆ ಮಾತನ್ನು ಮರೆಯಲೂ ಇಲ್ಲ.

ಒಂದು ಬೆಳಿಗ್ಗೆ ಆಕೆಯೇ ಮನೆಗೆ ಬಂದಳು, ಜೊತೆಗೆ ನಾಲ್ಕು ಹೆಂಗಸರು. ನಲವತ್ತರ ಆಸುಪಾಸು, ಹತ್ತಿ ಸೀರೆ, ಬಿಸಿಲಿಗೆ ಕೆಂಪಾದ ಮುಖ. ಬಂದ ಹೆಂಗಸರನ್ನು ಕುಂಕುಮ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತಟ್ಟೆ ತಂದೆ. ನಾಲ್ವರಿಗೂ ಅರಿಶಿನ ಕುಂಕುಮ ಕೊಟ್ಟೆ. ಆಕೆ ಒಂದು ಹೆಜ್ಜೆ ಮುಂದೆ ಬಂದಳು. ನಾನು ತಟ್ಟೆಯನ್ನು ಹಿಂದಕ್ಕೆಳೆದುಕೊಂಡೆ. ಬೇಕೆಂದೇ ಮಾಡಿದೆ, ಒಳಗೊಳಗೇ ಖುಷಿಯೂ ಆಯಿತು.

ಆಕೆ ತಲೆ ತಗ್ಗಿಸಿದಳು. "ಪರವಾಗಿಲ್ಲ ಅಕ್ಕ. ಯಜಮಾನ್ರು ಹೋದ್ಮೇಲೆ ತುಂಬಾ ಮನೇಲಿ ಹೀಗೇ. ನಾನೇ ಹಿಂದೆ ನಿಂತ್ಕೋಬೇಕಿತ್ತು."

ಆ ಮನೆಯ ಮಗ ತೀರಿಕೊಂಡದ್ದು ಬಡಾವಣೆಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಮಾವನ ಮೇಲಿನ ಸಿಟ್ಟಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಪಕ್ಕದ ಬೀದಿಯ ನಾಮಕರಣವೊಂದರಲ್ಲಿ ಕುಂಕುಮದ ತಟ್ಟೆ ನನ್ನ ಅಮ್ಮನನ್ನು ದಾಟಿ ಮುಂದೆ ಹೋಗಿತ್ತು. ಅಮ್ಮ ಊಟಕ್ಕೆ ಕೂರದೆ ಮನೆಗೆ ಬಂದು, ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ಅತ್ತಿದ್ದಳು. ಈ ಕೆಲಸ ನನ್ನ ಕೈಯಿಂದ ಜನ್ಮದಲ್ಲಿ ಆಗಬಾರದು ಅಂದುಕೊಂಡವಳು ನಾನು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಅಯ್ಯೋ, ಅದಕ್ಕಲ್ಲಮ್ಮ! ನಿಮ್ಮ ಮಾವನ ಮೇಲಿನ ಸಿಟ್ಟಿಗೆ ಕೊಡ್ಲಿಲ್ಲ" ಅಂದುಬಿಟ್ಟೆ.

ನಾಲ್ಕೂ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು. ಒಂದು ತಪ್ಪು ಮುಚ್ಚಲು ಹೋಗಿ ಇನ್ನೊಂದನ್ನು ಬಾಯಾರೆ ಒಪ್ಪಿಕೊಂಡಿದ್ದೆ. ನಾಚಿಕೆಯಿಂದ ಸಾಯುವಂತಾಗಿ, ನಾನೇ ಮೆಟ್ಟಿಲಿಳಿದು ಆಕೆಯ ಹಣೆಗೆ ಕುಂಕುಮ ಇಟ್ಟೆ. ಅವಸರಕ್ಕೆ ಸ್ವಲ್ಪ ಸೊಟ್ಟಗಾಯಿತು. ಆಕೆ ಒರೆಸಿಕೊಳ್ಳಲಿಲ್ಲ.

ಹೊರಡುವ ಬದಲು ಜಗಲಿಯ ಮೇಲೆ ಕೂತಳು. "ಏನ್ ಮಾಡಿದ್ರು ನಮ್ಮ ಮಾವ? ಹೇಳಿ."

ಹೇಳಿದೆ, ಕಾಫಿ ಕುಡಿದದ್ದರಿಂದ ಹಿಡಿದು ಮುಖ ತಿರುಗಿಸಿದ್ದರವರೆಗೆ. ಜೊತೆಯವಳೊಬ್ಬಳು ಲೇಟಾಗ್ತಿದೆ ಅಂತ ಎರಡು ಸಲ ಗಡಿಯಾರ ತೋರಿಸಿದಳು. ಆಕೆ ಏಳಲಿಲ್ಲ, ಮಾವನ ಪರವಾಗಿ ಒಂದು ಮಾತೂ ಆಡಲಿಲ್ಲ.

"ಟಿಕೆಟ್ ಸಿಕ್ಕಿರೋದು ಆ ಹೆಸರಿಗೇ ಅಕ್ಕ, ನನಗಲ್ಲ. ಹೆಸರು ಇಟ್ಕೊಂಡ ಮೇಲೆ ಇದನ್ನೂ ನಾನೇ ಹೊರಬೇಕು. ನಮ್ಮ ಮನೆಯಿಂದ ತಪ್ಪಾಯ್ತು" ಎಂದಳು.

ಅಪ್ಪ ಕೊನೆಯವರೆಗೂ ಕಾದದ್ದು ಪರಿಹಾರಕ್ಕಲ್ಲ, ಆ ಮನೆಯಿಂದ ಯಾರಾದರೂ ಬಂದು ಇಷ್ಟು ಹೇಳಲಿ ಎಂದು. ನನಗೆ ಅಳು ತಡೆಯಲಾಗಲಿಲ್ಲ.

ವೋಟನ್ನು ಆಕೆಗೇ ಹಾಕಿದೆ. ಗೆದ್ದಳು ಕೂಡ. ಒಳ್ಳೆಯ ಕೆಲಸ ಮಾಡುತ್ತಾಳೆಂದು ನನಗೇಕೋ ನಂಬಿಕೆ ಇದೆ. ಮಾಡದಿದ್ದರೆ ಅವಳ ಆಫೀಸಿಗೇ ಹೋಗಿ ಬೈಯುತ್ತೇನೆ, ಆದರೆ ಬೈಯುವುದು ಅವಳನ್ನು, ಅವಳ ಮಾವನನ್ನಲ್ಲ.